ದಾರ, ನಟ್ಟು ಮತ್ತು ಇಪ್ಪತ್ತು ತೂಗು: ಸರಳ ಸಂಗತ ಚಲನೆಯ ಲೆಕ್ಕಗಳು

ಈ ವರ್ಷದ ವರದಿಯಲ್ಲಿ ಜಮಾ-ಖರ್ಚಿನ ಪುಟಗಳಿಗೂ ವಿದ್ಯಾರ್ಥಿವೇತನದ ಪ್ರಕಟಣೆಗೂ ನಡುವೆ ಒಂದು ಪಾಠವನ್ನು ಇಡುತ್ತಿದ್ದೇವೆ. ದಾನಿಗಳು ಓದಿದರೆ ತಾವು ಕೊಟ್ಟ ಹಣ ಯಾವ ಕೆಲಸದಲ್ಲಿ ತೊಡಗಿದೆ ಎಂದು ತಿಳಿಯುತ್ತದೆ. ಮಕ್ಕಳು ತಂದೆ-ತಾಯಂದಿರ ಜೊತೆ ಕುಳಿತು ಓದಿದರೆ ಒಂದು ಸಂಜೆಯ ಪ್ರಯೋಗವಾಗುತ್ತದೆ.

ವಿಷಯ ಮೊದಲ ಪಿಯುಸಿಯ ಆಂದೋಲನಗಳ ಅಧ್ಯಾಯ. ಅರೆಕೆರೆ, ಹುಳಿಮಾವು, ಬಿಟಿಎಂ ಕಡೆಯಿಂದ ನಮ್ಮಲ್ಲಿಗೆ ಬರುವ ಹಲವು ಮಕ್ಕಳಿಗೆ ಮನೆಯಲ್ಲಿ ಉರ್ದು, ಹತ್ತನೆಯ ತರಗತಿವರೆಗೆ ಕನ್ನಡ, ಪಿಯುಸಿಗೆ ಕಾಲಿಟ್ಟ ದಿನದಿಂದ ಇಂಗ್ಲಿಷ್. ಶಾಲೆಯಲ್ಲಿ ‘ಪಾರ’ ಎಂದು ಕಲಿತದ್ದು ಕಾಲೇಜಿನಲ್ಲಿ ‘ಆಂಪ್ಲಿಟ್ಯೂಡ್’ ಆಗುತ್ತದೆ, ‘ಆವೃತ್ತಿ’ಯು ‘ಫ್ರೀಕ್ವೆನ್ಸಿ’ ಆಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಿದ್ದೊಡನೆ ಮನೆಯಲ್ಲಿ ‘ಸೈನ್ಸ್ ಬಿಡಿಸಿ ಕಾಮರ್ಸ್‌ಗೆ ಹಾಕೋಣ’ ಎಂಬ ಮಾತು ಶುರು. ಕಾಮರ್ಸ್ ಕೀಳೆಂದು ನಾವು ಹೇಳುತ್ತಿಲ್ಲ. ಇಷ್ಟಪಟ್ಟು ಹೋಗುವುದು ಬೇರೆ, ಹೆದರಿ ಓಡುವುದು ಬೇರೆ.

ಮೊದಲು ಚಲನೆಯ ಗುರುತು. ಒಂದು ವಸ್ತುವನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲಿ ಸುಮ್ಮನೆ ನಿಲ್ಲುತ್ತದೋ ಅದು ಸಮತೋಲನ ಸ್ಥಾನ. ಅಲ್ಲಿಂದ ಸ್ವಲ್ಪ ಸರಿಸಿ ಬಿಡಿ. ಯಾವುದೋ ಬಲ ಅದನ್ನು ಹಿಂದಕ್ಕೆ ಎಳೆಯಬೇಕು. ಎರಡು ಪಟ್ಟು ದೂರ ಸರಿಸಿದರೆ ಎರಡು ಪಟ್ಟು ಬಲದಿಂದ ಎಳೆಯಬೇಕು. ಈ ಎರಡೂ ಇದ್ದರೆ ಅದು ಸರಳ ಸಂಗತ ಚಲನೆ, ಕಾಲೇಜಿನ ಮಾತಿನಲ್ಲಿ ಸಿಂಪಲ್ ಹಾರ್ಮೋನಿಕ್ ಮೋಷನ್. ನೆಲಕ್ಕೆ ಪುಟಿಯುವ ಚೆಂಡೂ ಮತ್ತೆ ಮತ್ತೆ ಬಂದು ಹೋಗುತ್ತದೆ, ಆದರೆ ಗಾಳಿಯಲ್ಲಿರುವಷ್ಟು ಹೊತ್ತೂ ಅದರ ಮೇಲಿನ ಬಲ ಒಂದೇ ಆಗಿರುವುದರಿಂದ ಅದು ಈ ಗುಂಪಿಗೆ ಸೇರದು. ಲೆಕ್ಕಕ್ಕೆ ಕೈಹಾಕುವ ಮುನ್ನ ಮಕ್ಕಳು ಸಮತೋಲನ ಸ್ಥಾನವನ್ನು ಚಿತ್ರದಲ್ಲಿ ಗುರುತು ಮಾಡಲಿ. ಸೂತ್ರವನ್ನು ಆಮೇಲೆ ನೆನಪಿಸಿಕೊಂಡರಾಯಿತು.

ಈಗ ಪ್ರಯೋಗ. ಹಾರ್ಡ್‌ವೇರ್ ಅಂಗಡಿಯ ದೊಡ್ಡದೊಂದು ನಟ್ಟು, ಹೊಲಿಗೆಯ ಗಟ್ಟಿ ದಾರ, ಪರದೆಯ ಕೊಕ್ಕೆ, ಫೋನಿನ ಸ್ಟಾಪ್‌ವಾಚ್ ಸಾಕು. ಕೊಕ್ಕೆಯಿಂದ ನಟ್ಟಿನ ನಡುವಿನವರೆಗೆ ಸರಿಯಾಗಿ 1 ಮೀಟರ್ ಇರಲಿ. ನಟ್ಟಿನ ಮೇಲ್ತುದಿಗೂ ಅಲ್ಲ, ಕೆಳತುದಿಗೂ ಅಲ್ಲ. ಒಂದು ಗೇಣಿಗಿಂತ ಕಡಿಮೆ ಸರಿಸಿ ಬಿಡಿ. 10 ಡಿಗ್ರಿಯೊಳಗೆ ತೂಗಿದರೆ ಅವಧಿಯಲ್ಲಿ ಬರುವ ವ್ಯತ್ಯಾಸ ಶೇಕಡಾ 0.2, 30 ಡಿಗ್ರಿಗೆ ಎಳೆದರೆ ಅದು ಶೇಕಡಾ 1.7 ಆಗುತ್ತದೆ. ಪುಸ್ತಕದಲ್ಲಿ ‘ಸಣ್ಣ ಕೋನ’ ಎಂದು ಬರೆದಿರುವುದು ಇದಕ್ಕೇ.

ಅವಧಿ = 2 × ಪೈ × (ಉದ್ದ ÷ ಗುರುತ್ವ ವೇಗೋತ್ಕರ್ಷ)ದ ವರ್ಗಮೂಲ. ನಮ್ಮ ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.78. ಆದ್ದರಿಂದ 1 ಮೀಟರಿನ ಲೋಲಕಕ್ಕೆ ಒಂದು ಪೂರ್ತಿ ತೂಗಿಗೆ 2.01 ಸೆಕೆಂಡು, 20 ತೂಗಿಗೆ ಸುಮಾರು 40.2 ಸೆಕೆಂಡು ಹಿಡಿಯಬೇಕು.

ಇಪ್ಪತ್ತೇ ಏಕೆ? ಬೆರಳು ಗುಂಡಿ ಒತ್ತುವುದರಲ್ಲಿ 0.2 ಸೆಕೆಂಡು ತಡವಾಯಿತು ಎನ್ನೋಣ. ಒಂದೇ ತೂಗನ್ನು ಅಳೆದರೆ ಆ ತಡ ಅವಧಿಯ ಶೇಕಡಾ 10. ಸೂತ್ರದಲ್ಲಿ ಅವಧಿಯ ವರ್ಗ ಬರುವುದರಿಂದ ಗುರುತ್ವದಲ್ಲಿ ಸುಮಾರು ಶೇಕಡಾ 20 ದೋಷ. ಇಪ್ಪತ್ತು ತೂಗಿಗೆ ಹಂಚಿದರೆ ಅದೇ ತಡ ಶೇಕಡಾ 1ಕ್ಕೆ ಇಳಿಯುತ್ತದೆ. ಉತ್ತರ 9.7ರಿಂದ 9.9ರೊಳಗೆ ಬಂದರೆ ದಾರ-ನಟ್ಟಿನ ಮಟ್ಟಿಗೆ ಅದು ಒಳ್ಳೆಯ ಅಳತೆ. 10.8 ಬಂದರೆ ಭೂಮಿಯನ್ನು ಅನುಮಾನಿಸಬೇಡಿ. ನಟ್ಟು ಬಿಡುವಾಗಲೇ ‘ಒಂದು’ ಎಂದು ಎಣಿಸಿದ್ದೀರಿ, ಹಾಗಾಗಿ ಆದದ್ದು 19 ತೂಗು. ಬಿಡುವಾಗ ‘ಸೊನ್ನೆ’ ಎನ್ನಬೇಕು. ಲ್ಯಾಬ್ ರೆಕಾರ್ಡಿನಲ್ಲಿ ಸರಿಯಾಗಿ 9.8 ಬರಿಸಲು ಅಂಕಿ ತಿದ್ದುವ ಅಭ್ಯಾಸ ನಮ್ಮ ಕಾಲದಲ್ಲೂ ಇತ್ತು, ಈಗಲೂ ಇದೆ. ಅದು ವಿಜ್ಞಾನವಲ್ಲ.

ಅಕ್ಷರ ಬಾರದ ತಾಯಿಯೂ ಇಪ್ಪತ್ತು ಎಣಿಸಬಲ್ಲರು. ಮಗಳು ಫೋನ್ ಹಿಡಿಯಲಿ, ತಾಯಿ ಎಣಿಸಲಿ.

ಎಲ್ಲ ಕಡೆ ಗುರುತ್ವ ಒಂದೇ ಅಲ್ಲ ಎಂದು ಹೇಳಿಕೊಟ್ಟಿದ್ದೂ ಲೋಲಕವೇ. 1672ರಲ್ಲಿ ಫ್ರಾನ್ಸಿನ ಝಾನ್ ರಿಷೆ ದಕ್ಷಿಣ ಅಮೆರಿಕದ ಕಯೆನ್‌ಗೆ ಗಡಿಯಾರ ಒಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಸಮಭಾಜಕದ ಹತ್ತಿರ ಎಳೆತ ಕಡಿಮೆ. ಬೆಂಗಳೂರು ಸಮಭಾಜಕಕ್ಕೆ ಸಾಕಷ್ಟು ಹತ್ತಿರ, ಮೇಲಾಗಿ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯೂ ಲೋಲಕ ತೂಗಿ ನೋಡಿದವರಿದ್ದಾರೆ. ಮಹಾ ತ್ರಿಕೋನಮಿತಿ ಸರ್ವೆಯವರು ಲಂಡನ್ನಿನ ರಾಯಲ್ ಸೊಸೈಟಿಯಿಂದ ಲೋಲಕಗಳನ್ನು ಎರವಲು ತಂದು, 1865ರಲ್ಲಿ ಕ್ಯಾಪ್ಟನ್ ಬಸೇವಿ ಅವರ ಕೈಗೆ ಈ ಕೆಲಸ ಒಪ್ಪಿಸಿದರು. ಅವರ ಠಾಣೆಗಳ ಪಟ್ಟಿಯಲ್ಲಿ ಬೆಂಗಳೂರೂ ಇದೆ, ಮಂಗಳೂರೂ ಇದೆ. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಲೋಲಕ ತೂಗಿಸಿ, ಪಕ್ಕದ ಗಡಿಯಾರದ ಲೋಲಕದೊಂದಿಗೆ ಅದು ಯಾವಾಗ ಸರಿಹೊಂದುತ್ತದೆ ಎಂದು ಕಾದು ನೋಡುತ್ತಿದ್ದರು. ಹೆಚ್ಚು ಹೊತ್ತು ಎಣಿಸಿದಷ್ಟೂ ದೋಷ ಕಡಿಮೆ ಎಂಬ ನಮ್ಮ ಇಪ್ಪತ್ತು ತೂಗಿನ ಉಪಾಯವೇ ಅದು. 1871ರಲ್ಲಿ ಲಡಾಖಿನ ಮೋರೆ ಬಯಲಿನಲ್ಲಿ, 15 ಸಾವಿರ ಅಡಿಗೂ ಮೇಲೆ, ಈ ಕೆಲಸದಲ್ಲಿರುವಾಗಲೇ ಬಸೇವಿ ತೀರಿಕೊಂಡರು.

ಲೋಲಕವನ್ನು ಕೈರೋದ ಇಬ್ನ್ ಯೂನುಸ್ ಕಂಡುಹಿಡಿದರೆಂಬ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುತ್ತದೆ. ಅವರು ದೊಡ್ಡ ಖಗೋಳಜ್ಞರು, 1009ರಲ್ಲಿ ಕಾಲವಾದರು. ಆದರೆ ಲೋಲಕದ ವಿಷಯಕ್ಕೆ ಅವರ ಬರಹಗಳಲ್ಲಿ ಆಧಾರ ಸಿಕ್ಕಿಲ್ಲ. ಅವರ ಖಗೋಳ ಕೋಷ್ಟಕಗಳಿಗೇ ಬೇಕಾದಷ್ಟು ಕೀರ್ತಿ ಇದೆ, ಇಲ್ಲದ್ದನ್ನು ಸೇರಿಸಬೇಕಿಲ್ಲ.

ಎರಡನೆಯ ಲೆಕ್ಕ ಆಟೋ ಓಡಿಸುವ, ಗ್ಯಾರೇಜಿನಲ್ಲಿ ದುಡಿಯುವ ತಂದೆಯರಿಗೆ ಚೆನ್ನಾಗಿ ಗೊತ್ತಿರುವ ಸ್ಪ್ರಿಂಗಿನದು. ಚಾಲಕನೂ ಸೇರಿ ಗಾಡಿ 420 ಕೆಜಿ. ಒಟ್ಟು 180 ಕೆಜಿಯ ಮೂವರು ಹತ್ತಿದಾಗ ಗಾಡಿ 3 ಸೆಂಟಿಮೀಟರ್ ಕುಸಿಯುತ್ತದೆ. ಬನ್ನೇರುಘಟ್ಟ ರಸ್ತೆಯ ಒಂದು ಗುಂಡಿ ಹಾರಿದ ಮೇಲೆ ಅದು ಎಷ್ಟು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆಡುತ್ತದೆ? ಶಾಕ್ ಅಬ್ಸಾರ್ಬರನ್ನು ಸದ್ಯಕ್ಕೆ ಮರೆಯೋಣ, ಗುರುತ್ವವನ್ನು 10 ಎಂದುಕೊಳ್ಳೋಣ.

ಕುಸಿತಕ್ಕೆ ಕಾರಣವಾದದ್ದು ಹೊಸದಾಗಿ ಹತ್ತಿದ ಭಾರ ಮಾತ್ರ: 1800 ನ್ಯೂಟನ್. ಅದನ್ನು 0.03 ಮೀಟರಿನಿಂದ ಭಾಗಿಸಿದರೆ ಸ್ಪ್ರಿಂಗ್ ಸ್ಥಿರಾಂಕ 60,000. ಹೆಚ್ಚಿನ ಮಕ್ಕಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. 180ನ್ನೇ ಮತ್ತೆ ಹಾಕಿ 0.34 ಸೆಕೆಂಡು ಎಂದು ಬರೆಯುತ್ತಾರೆ. ಆಡುವುದು ಮೂವರು ಮಾತ್ರವೇ? ಗಾಡಿಯೂ ಆಡುತ್ತದೆ! ದ್ರವ್ಯರಾಶಿ 600 ಕೆಜಿ. 600 ÷ 60,000 ಅಂದರೆ 0.01, ಅದರ ವರ್ಗಮೂಲ 0.1, ಅದಕ್ಕೆ 2 × ಪೈ ಗುಣಿಸಿದರೆ 0.63 ಸೆಕೆಂಡು. ಸ್ಪ್ರಿಂಗನ್ನು ಕುಗ್ಗಿಸಿದ್ದು ಯಾವುದು, ಕುಣಿಯುವುದು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಂಡವರಿಗೆ ಈ ತಪ್ಪಾಗದು.

ಮೂರನೆಯದು ಪರೀಕ್ಷೆಯವರಿಗೆ ಬಲು ಪ್ರಿಯವಾದ ಬಲೆ. ಅವಧಿ 12 ಸೆಕೆಂಡು. ನಡುವಿನಿಂದ ಪಾರದ ಅರ್ಧಕ್ಕೆ ಹೋಗಲು ಎಷ್ಟು ಹೊತ್ತು? ನಡುವಿನಿಂದ ತುದಿಗೆ 3 ಸೆಕೆಂಡು, ಅರ್ಧಕ್ಕೆ ಒಂದೂವರೆ ಎಂದು ಕೈ ಓಡುತ್ತದೆ. ತಪ್ಪು. ಒಂದೇ ವೇಗದಲ್ಲಿ ತುಳಿಯುತ್ತಿರುವ ಸೈಕಲ್ಲನ್ನು ಹಿಂದಿನಿಂದ ನೋಡಿ. ಪೆಡಲು ವೃತ್ತದಲ್ಲಿ ಸುತ್ತುತ್ತಿದ್ದರೂ ನಮಗೆ ಕಾಣುವುದು ಅದರ ಏರಿಳಿತ ಮಾತ್ರ. ಆ ಏರಿಳಿತವೇ ಸರಳ ಸಂಗತ ಚಲನೆ. ನಡುಮಟ್ಟದಿಂದ ಅರ್ಧ ಎತ್ತರಕ್ಕೆ ಪೆಡಲು 30 ಡಿಗ್ರಿ ಸುತ್ತಿದರೆ ಸಾಕು, ಏಕೆಂದರೆ 30 ಡಿಗ್ರಿಯ ಸೈನ್ ಅರ್ಧ. ಉಳಿದ ಅರ್ಧ ಏರಲು 60 ಡಿಗ್ರಿ ಬೇಕು. ಒಂದು ಸುತ್ತು 360 ಡಿಗ್ರಿಗೆ 12 ಸೆಕೆಂಡಾದರೆ ಮೊದಲ ಅರ್ಧಕ್ಕೆ 1 ಸೆಕೆಂಡು, ಎರಡನೆಯ ಅರ್ಧಕ್ಕೆ 2 ಸೆಕೆಂಡು. ನಡುವೆ ವೇಗ ಹೆಚ್ಚು, ತುದಿಯಲ್ಲಿ ಕಡಿಮೆ ಎಂಬುದನ್ನು ನೆನೆದರೆ ಉತ್ತರ ಸಹಜವೆನಿಸುತ್ತದೆ. ಶಕ್ತಿಯ ಲೆಕ್ಕವೂ ಹೀಗೆಯೇ: ಪಾರದ ಅರ್ಧದಲ್ಲಿ ಪ್ರಚ್ಛನ್ನ ಶಕ್ತಿ ಒಟ್ಟು ಶಕ್ತಿಯ ಕಾಲು ಭಾಗ, ಚಲನ ಶಕ್ತಿ ಮುಕ್ಕಾಲು. ಅರ್ಧ-ಅರ್ಧವಲ್ಲ, ದೂರದ ವರ್ಗ ನೋಡಬೇಕು.

ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ಅಲ್ಲಿ ಸೈಕಲ್ ಪೆಡಲಿನ ಚಿತ್ರ ಬಿಡಿಸುವಷ್ಟು ಪುರುಸೊತ್ತಿಲ್ಲ ಎನ್ನುವವರಿಗೆ ನಮ್ಮ ಉತ್ತರ: ಮನೆಯಲ್ಲಿ ಹತ್ತು ಸಲ ಬಿಡಿಸಿದವರಿಗೆ ಅಲ್ಲಿ ಬಿಡಿಸುವ ಅಗತ್ಯ ಬೀಳುವುದಿಲ್ಲ.

ವಿದ್ಯಾರ್ಥಿವೇತನದ ಅರ್ಜಿ ತರುವ ವಿಜ್ಞಾನ ವಿಭಾಗದ ಮಕ್ಕಳು ತಮ್ಮ ಇಪ್ಪತ್ತು ತೂಗಿನ ಅಳತೆಯ ಹಾಳೆಯನ್ನೂ ತರಲಿ. ಅದಕ್ಕೆ ಅಂಕವಿಲ್ಲ, ಆಯ್ಕೆಗೂ ಅದಕ್ಕೂ ಸಂಬಂಧವಿಲ್ಲ. ಜೊತೆಗೆ ಕೂತು ನೋಡುತ್ತೇವೆ, ಅಷ್ಟೆ. ಬರುವಾಗ ಈ ಲೆಕ್ಕವನ್ನೂ ಯೋಚಿಸಿಕೊಂಡು ಬನ್ನಿ: ಪಾರ್ಕಿನ ಉಯ್ಯಾಲೆಯಲ್ಲಿ ಅಕ್ಕ ಒಬ್ಬಳೇ ಕುಳಿತು ತೂಗುತ್ತಿದ್ದಾಳೆ. ತಂಗಿಯೂ ಪಕ್ಕದಲ್ಲಿ ಕುಳಿತರೆ ಅವಧಿ ಏನಾಗುತ್ತದೆ? ತಂಗಿ ಇಳಿದು, ಅಕ್ಕ ಎದ್ದು ನಿಂತು ತೂಗಿದರೆ?