ವರದಿ, ಕರಡು, ಅಧಿಸೂಚನೆ: ನಿಯಮ ರೂಪುಗೊಳ್ಳುವ ಬಗೆಯನ್ನು ಕಲಿಸುವ ಒಂದು ಪಾಠ

ವಿಷಯ: ಸಮಾಜ ವಿಜ್ಞಾನ (ರಾಜ್ಯಶಾಸ್ತ್ರ)
ಹಂತ: ಪ್ರೌಢಶಾಲೆ
ಸಮಯ: ಎರಡು ಅವಧಿ

ಪಾಠದ ಅಗತ್ಯ

ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿಗೊಳಿಸುತ್ತದೆ ಎಂಬುದು ಮಕ್ಕಳಿಗೆ ಬಾಯಿಪಾಠ. ಆದರೆ ಕಾಯ್ದೆ ಸಾಮಾನ್ಯವಾಗಿ ಚೌಕಟ್ಟನ್ನಷ್ಟೇ ಕೊಡುತ್ತದೆ. ಅದರೊಳಗೆ ವಿವರಗಳನ್ನು ತುಂಬುವ ನಿಯಮ, ಅಧಿಸೂಚನೆಗಳನ್ನು ಬರೆಯುವುದು ಇಲಾಖೆಗಳು. ಇದಕ್ಕೆ ಅಧೀನ ಶಾಸನ ಎಂದು ಹೆಸರು. ಜನರು ನೇರವಾಗಿ ಮಾತಾಡಲು ಅವಕಾಶವಿರುವ ಹಂತ ಇದೇ ಆದರೂ ತರಗತಿಯಲ್ಲಿ ನಾವು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆ.

ನಿಟ್ಟೆಯ ಸುತ್ತಮುತ್ತ ಬೋಧನಾಭ್ಯಾಸಕ್ಕೆ ಹೋಗುವವರಿಗೆ ಉದಾಹರಣೆ ಹುಡುಕುವ ಕಷ್ಟವಿಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿ ಕಾರ್ಕಳ, ಕುಂದಾಪುರ ಭಾಗದ ಘಟ್ಟದ ಬುಡದ ಗ್ರಾಮಗಳಿವೆ. ಅಲ್ಲಿಯ ಮಕ್ಕಳು 'ಕಸ್ತೂರಿರಂಗನ್ ವರದಿ' ಎಂಬ ಮಾತನ್ನು ಮನೆಯಲ್ಲಿ ಕೇಳಿಯೇ ಇರುತ್ತಾರೆ. ಕೇಳಿದ್ದರಲ್ಲಿ ಭಯ ಎಷ್ಟು, ತಿಳಿವಳಿಕೆ ಎಷ್ಟು ಎಂಬುದನ್ನು ಬೇರ್ಪಡಿಸುವುದೇ ಈ ಪಾಠದ ಕೆಲಸ.

ಕಲಿಕಾ ಫಲಗಳು

1. ಕಾಯ್ದೆ, ವರದಿ, ಕರಡು ಅಧಿಸೂಚನೆ, ಅಂತಿಮ ಅಧಿಸೂಚನೆ ಇವುಗಳ ವ್ಯತ್ಯಾಸ ಹೇಳುವರು.
2. ಒಂದು ಕರಡು ದಾಟಬೇಕಾದ ಹಂತಗಳನ್ನು ಕ್ರಮವಾಗಿ ಬರೆಯುವರು.
3. ಕಾರಣಸಹಿತವಾದ ಆಕ್ಷೇಪಣೆಯನ್ನು ಬರೆಯುವರು.

ವಿಷಯ ವಿವರಣೆ

ಮೊದಲು ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆಯಿರಿ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಪರಿಶೀಲಿಸಲು ನೇಮಿಸಿದ ಕಸ್ತೂರಿರಂಗನ್ ಕಾರ್ಯತಂಡ 2013ರ ಏಪ್ರಿಲ್‌ನಲ್ಲಿ ವರದಿ ಸಲ್ಲಿಸಿತು. ಇವೆರಡೂ ಶಿಫಾರಸುಗಳು. ಸಮಿತಿ ಸಲಹೆ ಕೊಡಬಹುದು, ಕಟ್ಟುಪಾಡು ವಿಧಿಸಲಾರದು ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು.

ವರದಿಗೆ ಕಾನೂನಿನ ಬಲ ಬರಬೇಕಾದರೆ ಸಚಿವಾಲಯವು 1986ರ ಪರಿಸರ (ಸಂರಕ್ಷಣೆ) ಕಾಯ್ದೆಯಡಿ ಅಧಿಸೂಚನೆ ಹೊರಡಿಸಬೇಕು. ಅದರ ಹಂತಗಳು ಹೀಗಿವೆ:

1. ಸಚಿವಾಲಯ ಕರಡು ಸಿದ್ಧಪಡಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ.
2. ರಾಜ್ಯಪತ್ರದ ಪ್ರತಿ ಸಾರ್ವಜನಿಕರಿಗೆ ದೊರೆತ ದಿನದಿಂದ 60 ದಿನ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕಳುಹಿಸಬಹುದು.
3. ಬಂದ ಆಕ್ಷೇಪಣೆಗಳನ್ನೂ ರಾಜ್ಯ ಸರ್ಕಾರಗಳ ಅಭಿಪ್ರಾಯವನ್ನೂ ಪರಿಶೀಲಿಸಲಾಗುತ್ತದೆ.
4. ನಿಗದಿತ ಅವಧಿಯೊಳಗೆ ಅಂತಿಮ ಅಧಿಸೂಚನೆ ಹೊರಡಬೇಕು. ಇಲ್ಲವಾದರೆ ಕರಡು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು.

ಈ ನಾಲ್ಕನೆಯ ಹಂತವೇ ನಮ್ಮ ಉದಾಹರಣೆಯ ತಿರುಳು. ಮೊದಲ ಕರಡು 2014ರ ಮಾರ್ಚ್ 10ರಂದು ಬಂತು. ಬಳಿಕ 2015, 2017, 2018, 2022ರಲ್ಲಿ ಮತ್ತೆ ಮತ್ತೆ ಬಂದು, 2024ರ ಜುಲೈ 31ರಂದು ಆರನೆಯ ಕರಡು ಪ್ರಕಟವಾಯಿತು. ಆರು ರಾಜ್ಯಗಳ ಸುಮಾರು 56,825 ಚದರ ಕಿ.ಮೀ. ಇದರ ವ್ಯಾಪ್ತಿಯಲ್ಲಿದ್ದು, ಕರ್ನಾಟಕದ ಪಾಲು 20,668 ಚದರ ಕಿ.ಮೀ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ತಿರಸ್ಕರಿಸುವ ತೀರ್ಮಾನ ಮಾಡಿತು. ಆದರೆ ಅಧಿಸೂಚನೆಯ ಅಧಿಕಾರ ಕೇಂದ್ರದ್ದು. ರಾಜ್ಯದ ತೀರ್ಮಾನ ತೂಕವುಳ್ಳ ಅಭಿಪ್ರಾಯವೇ ಹೊರತು ಕರಡನ್ನು ತಾನಾಗಿ ರದ್ದು ಮಾಡುವುದಿಲ್ಲ.

ಎಚ್ಚರ ವಹಿಸಬೇಕಾದ ಎರಡು ಅಂಶ

"ಅಧಿಸೂಚನೆ ಬಂದರೆ ಮನೆ ಬಿಡಬೇಕು" ಎಂದು ಮಗು ಹೇಳಿದರೆ ತಕ್ಷಣ ತಿದ್ದದೆ, ಕರಡಿನಲ್ಲಿ ಏನಿದೆ ಎಂದು ನೋಡಿಸಿ. ಗಣಿಗಾರಿಕೆ, ಕಲ್ಲುಕೋರೆ, ಮರಳುಗಾರಿಕೆ, ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡ ಇವುಗಳಿಗೆ ನಿಷೇಧವಿದೆ. ಇರುವ ಮನೆಗಳ ದುರಸ್ತಿಗೆ, ಆಸ್ತಿಯ ಹಕ್ಕು ಬದಲಾವಣೆಗೆ ಅಡ್ಡಿಯಿಲ್ಲ.

ಹಾಗೆಂದು "ಇದು ಬರೀ ಕರಡು, ಏನೂ ಆಗದು" ಎನ್ನುವುದೂ ತಪ್ಪು. 2013ರ ನವೆಂಬರ್ 13ರಂದು ಸಚಿವಾಲಯ ಅದೇ ಕಾಯ್ದೆಯ 5ನೇ ಪ್ರಕರಣದಡಿ ನೇರ ನಿರ್ದೇಶನ ನೀಡಿ ಹೊಸ ಗಣಿ, ಕೋರೆ ಮುಂತಾದವನ್ನು ತಡೆಯಿತು. ಕರಡಿಗೂ ನಿರ್ದೇಶನಕ್ಕೂ ಇರುವ ಈ ವ್ಯತ್ಯಾಸವನ್ನು ಪ್ರಶಿಕ್ಷಣಾರ್ಥಿ ಮೊದಲು ತಾನು ತಿಳಿದಿರಬೇಕು.

ತರಗತಿ ಚಟುವಟಿಕೆ: ಆಕ್ಷೇಪಣೆ ಬರೆಯೋಣ

ತರಗತಿಯನ್ನು ಸಚಿವಾಲಯ, ಗ್ರಾಮಸ್ಥರು, ರಾಜ್ಯ ಸರ್ಕಾರ ಎಂದು ಮೂರು ಗುಂಪು ಮಾಡಿ. ಗ್ರಾಮಸ್ಥರ ಗುಂಪಿನಲ್ಲಿ ಕರಡಿನ ಪರವಾದವರೂ ಇರಲಿ. ಕಾಡು ಉಳಿದರೆ ಹೊಳೆಯಲ್ಲಿ ನೀರು ಉಳಿಯುತ್ತದೆ ಎನ್ನುವವರೂ ಅದೇ ಊರಿನವರೇ. ಬರೆಯುವ ಮೊದಲು ಎರಡು ಮಾದರಿಗಳನ್ನು ಹೋಲಿಸಿ:

ಅ) ನಮ್ಮೂರಿಗೆ ಈ ಅಧಿಸೂಚನೆ ಬೇಡ.
ಆ) ಗ್ರಾಮದ ಶೇ. 20ರಷ್ಟು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವನ್ನೇ ಸೇರಿಸುವುದು ಕಾರ್ಯತಂಡದ ಮಾನದಂಡ. ನಮ್ಮ ಗ್ರಾಮದಲ್ಲಿ ಜನವಸತಿಯೂ ಅಡಿಕೆ ತೋಟವೂ ಇರುವ ಭಾಗವನ್ನು ಸ್ಥಳ ಪರಿಶೀಲನೆ ಮಾಡಿ ಬೇರ್ಪಡಿಸಬೇಕು.

ಎರಡನೆಯದಕ್ಕೆ ಇಲಾಖೆ ಉತ್ತರಿಸಲೇಬೇಕಾಗುತ್ತದೆ, ಏಕೆ? ಯಾವ ಅಂಶ, ಯಾರಿಗೆ ಏನು ಪರಿಣಾಮ, ಯಾವ ಬದಲಾವಣೆ ಬೇಕು ಎಂಬ ಮೂರೂ ಅದರಲ್ಲಿವೆ. ಇದನ್ನು ಮಕ್ಕಳೇ ಹೇಳುವವರೆಗೆ ಕಾಯಿರಿ.

ವಿಸ್ತರಣೆ

ಶಾಲೆಗೆ ಸಂಬಂಧಿಸಿದ ಉದಾಹರಣೆಯೊಂದಿಗೆ ಹೋಲಿಸಿ. ಶಿಕ್ಷಣ ಹಕ್ಕು ಕಾಯ್ದೆಯನ್ನು 2009ರಲ್ಲಿ ಸಂಸತ್ತು ಮಾಡಿತು. ಅದರ 38ನೇ ಪ್ರಕರಣ ಕೊಟ್ಟ ಅಧಿಕಾರದಿಂದ ಕರ್ನಾಟಕ 2012ರಲ್ಲಿ ತನ್ನ ನಿಯಮಗಳನ್ನು ರೂಪಿಸಿತು. ಅಂಥ ನಿಯಮಗಳನ್ನು ರಾಜ್ಯ ವಿಧಾನಮಂಡಲದ ಮುಂದೆ ಇಡಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಬರೆಯುವ ಅಧಿಕಾರ ಇಲಾಖೆಗೆ, ನೋಡುವ ಅಧಿಕಾರ ಜನಪ್ರತಿನಿಧಿಗಳಿಗೆ.

ಮೌಲ್ಯಮಾಪನ

1. ವರದಿಗೂ ಕರಡು ಅಧಿಸೂಚನೆಗೂ ಇರುವ ಎರಡು ವ್ಯತ್ಯಾಸ ಬರೆಯಿರಿ.
2. ಆಕ್ಷೇಪಣೆಗೆ 60 ದಿನ ಕೊಡದೆ ಅಂತಿಮ ಅಧಿಸೂಚನೆ ಹೊರಡಿಸಿದರೆ ಯಾರಿಗೆ ನಷ್ಟ?
3. ಆರು ಬಾರಿ ಕರಡು ಹೊರಟಿದ್ದು ಪ್ರಕ್ರಿಯೆಯ ಬಲವೋ ದೌರ್ಬಲ್ಯವೋ? ಕಾರಣ ಕೊಡಿ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಮೂರನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಅಂಕ ಕಾರಣಕ್ಕೆ, ನಿಲುವಿಗಲ್ಲ. ಕೋರೆಯಲ್ಲಿ ದುಡಿಯುವವರ ಮಗಳೂ ಕೋರೆಯ ಧೂಳು ಬೀಳುವ ಮನೆಯ ಮಗನೂ ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಶಿಕ್ಷಕರ ಅಭಿಪ್ರಾಯ ಮೊದಲೇ ಹೊರಬಿದ್ದರೆ ಇಬ್ಬರಲ್ಲಿ ಒಬ್ಬರು ಮಾತು ನಿಲ್ಲಿಸುತ್ತಾರೆ. ವೀಕ್ಷಕರು ತಮ್ಮ ಟಿಪ್ಪಣಿಯಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.