ಮೊಬೈಲಿಗೆ ಬಂದ ವಿಡಿಯೋ: ಮುಂದಕ್ಕೆ ಕಳಿಸುವುದೂ ಅಪರಾಧ



ಹಾಲಿನ ಬಟವಾಡೆ ಬ್ಯಾಂಕ್ ಖಾತೆಗೆ ಬರತೊಡಗಿದ ಮೇಲೆ ಮೊಬೈಲ್ ಇಲ್ಲದ ಉತ್ಪಾದಕರ ಮನೆ ಅಪರೂಪ. ಲಸಿಕೆಯ ದಿನಾಂಕ, ಸಭೆಯ ಸೂಚನೆ ಎಲ್ಲವೂ ಅನೇಕ ಊರುಗಳಲ್ಲಿ ವಾಟ್ಸ್‌ಆಪ್ ಗುಂಪಿನಲ್ಲೇ ಬರುತ್ತವೆ. ಅದೇ ಗುಂಪಿಗೆ ಹೆಣ್ಣುಮಗಳೊಬ್ಬಳ ಖಾಸಗಿ ವಿಡಿಯೋ ಬಂದರೆ ತಾವು ಏನು ಮಾಡಬೇಕು?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 2024ರ ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಕೆಲವೇ ದಿನ ಮೊದಲು, ಅನೇಕ ಮಹಿಳೆಯರ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಹಾಸನದಲ್ಲಿ ಹಂಚಿಕೆಯಾದವು. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಮೇ 31ರಂದು ಬಂಧಿಸಲಾಯಿತು. ಒಂದು ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಆ ವಿಚಾರ ನ್ಯಾಯಾಲಯಕ್ಕಿರಲಿ. ನಾವು ಯೋಚಿಸಬೇಕಾದದ್ದು ವಿಡಿಯೋ ದಾಟಿಸಿದ ಕೈಗಳ ಬಗ್ಗೆ. ಮುಖ ಮರೆಮಾಡದ ಆ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹೋದವು. ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಳಿಸಿದವರಲ್ಲಿ ಎಷ್ಟೋ ಜನ 'ನಾನೇನು ತೆಗೆದದ್ದಲ್ಲವಲ್ಲ' ಎಂದುಕೊಂಡಿರಬೇಕು. ಕ್ಯಾನಿಗೆ ಸುರಿದ ಹಾಲಿನಲ್ಲಿ ನಮ್ಮ ಲೀಟರನ್ನು ಮತ್ತೆ ಬೇರೆ ತೆಗೆಯಲಾದೀತೇ? ಇದೂ ಹಾಗೆಯೇ.

ಕಾನೂನು ಆ ಸಬೂಬನ್ನು ಒಪ್ಪುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಂತೆ ಇಂತಹ ದೃಶ್ಯವನ್ನು ರವಾನಿಸಿದವರಿಗೆ ಮೊದಲ ಸಲವೇ 5 ವರ್ಷಗಳವರೆಗೆ ಸಜೆ, 10 ಲಕ್ಷ ರೂಪಾಯಿಗಳವರೆಗೆ ದಂಡ. ಒಪ್ಪಿಗೆಯಿಲ್ಲದೆ ಗುಪ್ತಾಂಗದ ಚಿತ್ರ ತೆಗೆದರೆ ಅಥವಾ ಹರಡಿದರೆ 66ಇ ಕಲಮಿನಲ್ಲಿ 3 ವರ್ಷಗಳವರೆಗೆ ಸಜೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದಕ್ಕೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಿಕ್ಷೆಯಿದೆ. ಹಾಸನದ ಪ್ರಕರಣದಲ್ಲಿ ಹರಡಿದ ಆರೋಪದ ಮೇಲೂ ಬಂಧನಗಳಾದವು.

ಆದ್ದರಿಂದ ಬಂದದ್ದನ್ನು ಅಳಿಸಿರಿ, ಯಾರಿಗೂ ತೋರಿಸಬೇಡಿರಿ. ಗುಂಪಿನ ಅಡ್ಮಿನ್ ಆದವರು ಎಲ್ಲರ ಮೊಬೈಲಿನಿಂದಲೂ ಆ ಸಂದೇಶವನ್ನು ತೆಗೆಯಬಹುದು. ಸಂಘದ ಕಾರ್ಯದರ್ಶಿಗಳು ಇದನ್ನು ಗಮನಿಸತಕ್ಕದ್ದು.

ತಮ್ಮದೇ ಅಥವಾ ಮಗಳ ಚಿತ್ರವಿಟ್ಟುಕೊಂಡು ಯಾರಾದರೂ ಬೆದರಿಸಿದರೆ ವಿಧಾನ ಬೇರೆ. ಆಗ ಅಳಿಸಕೂಡದು. ಸಂದೇಶ, ಕಳಿಸಿದವನ ನಂಬರು, ದಿನಾಂಕ, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿರಿ. ಹಣ ಕೊಡಬೇಡಿರಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಮುಖ ಮಾತ್ರ ತಮ್ಮದಾಗಿ ಉಳಿದದ್ದು ಕಂಪ್ಯೂಟರಿನಲ್ಲಿ ಜೋಡಿಸಿದ್ದಾದರೂ ಅದು ಅಪರಾಧವೇ. ಮನೆಯ ಗಂಡಸರಿಗೆ ಒಂದು ಮಾತು: ಮಗಳು ಬಂದು ಹೇಳಿದ ದಿನ ಅವಳ ಮೊಬೈಲ್ ಕಿತ್ತುಕೊಂಡರೆ, ಮುಂದೆ ಅವಳು ಏನನ್ನೂ ಹೇಳುವುದಿಲ್ಲ.

ದೂರನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿಯ ಠಾಣೆಯಲ್ಲಾದರೂ ಕೊಡಬಹುದು; ವ್ಯಾಪ್ತಿಯ ನೆಪದಲ್ಲಿ ತಿರಸ್ಕರಿಸುವಂತಿಲ್ಲ. ಹಾಸನದಲ್ಲಿ ಸಿಇಎನ್ ಠಾಣೆಯಿದೆ. ಸೈಬರ್ ಅಪರಾಧಕ್ಕೆ 1930, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಇಂತಹ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು.