ಬ್ರಹ್ಮಾವರದಿಂದ ಕೊಡಚಾದ್ರಿಗೆ: ಎಲ್ಲಿ ನಿಂತು ಫೋಟೊ ತೆಗೀಬೇಕು?

ಯೂಟ್ಯೂಬಿನಲ್ಲಿ ಟ್ರಾವೆಲ್ ಫೋಟೊಗ್ರಫಿ ಪಾಠ ಹುಡುಕಿದರೆ ಸಿಗೋದು ಹೆಚ್ಚಾಗಿ ಉತ್ತರದ ದೇಶಗಳವು. ಅಲಾಸ್ಕಾ, ನಾರ್ವೆ, ಐಸ್‌ಲ್ಯಾಂಡ್. ಗೈಡ್ ಜೊತೆ ಕಾಡಿಗೆ ಹೋಗ್ತಾರೆ, ಟ್ರೈಪಾಡ್ ಇಟ್ಟು ಕಾಫಿ ಕುಡೀತಾ ಬೆಳಕಿಗೆ ಕಾಯ್ತಾರೆ. ನಮ್ಮ ಸಂಘದ ಫೋಟೊ ಬಳಗದವರು ಕಳೆದ ಫೆಬ್ರವರಿಯಲ್ಲಿ ನಮ್ಮದೇ ಉತ್ತರಕ್ಕೆ ಹೋಗಿದ್ದೆವು. ಬ್ರಹ್ಮಾವರ, ಕುಂದಾಪುರ, ಬೈಂದೂರು ದಾಟಿ ಕೊಲ್ಲೂರಿನ ಕಾಡು, ಅಲ್ಲಿಂದ ಕೊಡಚಾದ್ರಿ. ಎರಡು ದಿನ, ಏಳು ಜನ, ಊರಿನವರೇ ಆದ ಒಬ್ಬ ಗೈಡ್. ಯೂಟ್ಯೂಬಿನ ಪಾಠಗಳಲ್ಲಿ ಯಾವುದು ಇಲ್ಲಿ ನಡೀತದೆ, ಯಾವುದು ನಡೆಯೋದಿಲ್ಲ ಅಂತ ಮುಂದಿನ ಬ್ಯಾಚಿನವರಿಗಾಗಿ ಬರೆದಿಡ್ತಾ ಇದ್ದೇವೆ.

ಮೊದಲು 'ಗೋಲ್ಡನ್ ಅವರ್' ವಿಷಯ. ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿಗಿಂತ ಕೆಳಗಿದ್ದಾಗ ಬರುವ ಬಂಗಾರದ ಬೆಳಕು ಅದು. ಹೆಸರಲ್ಲಿ 'ಗಂಟೆ' ಇದೆಯಲ್ಲ, ಇಲ್ಲಿ ಅದು ಗಂಟೆ ಅಲ್ಲವೇ ಅಲ್ಲ. ಲೆಕ್ಕ ಮಾಡಿ ನೋಡಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಗಲು ರಾತ್ರಿ ಸಮನಾಗಿರುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಸೂರ್ಯ ಇಳಿಯುವ ವೇಗ 15 ಗುಣಿಸು ಅಕ್ಷಾಂಶದ ಕೊಸೈನ್. ಕುಂದಾಪುರದ ಅಕ್ಷಾಂಶ ಸುಮಾರು 13.6 ಡಿಗ್ರಿ. ಅಲ್ಲಿಗೆ ಗಂಟೆಗೆ 14.6 ಡಿಗ್ರಿ ಆಯ್ತು. 6 ಡಿಗ್ರಿ ಇಳಿಯೋಕೆ 25 ನಿಮಿಷ ಸಾಕು. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಇರೋದು 64.8 ಡಿಗ್ರಿಯಲ್ಲಿ. ಅಲ್ಲಿ ಅದೇ ದಿನ ಅದೇ ಬೆಳಕು ಸುಮಾರು 56 ನಿಮಿಷ ಇರುತ್ತದೆ. ಅವರಿಗೆ ಕಾಫಿ ಕುಡಿಯೋಕೆ ಟೈಮ್ ಇದೆ, ನಮಗಿಲ್ಲ. ಹಾಗಾಗಿ ಬೆಳಕು ಬಂದ ಮೇಲೆ ಜಾಗ ಹುಡುಕೋದು ಇಲ್ಲಿ ಆಗದ ಕೆಲಸ. ಮಧ್ಯಾಹ್ನವೇ ಹೋಗಿ ನಿಲ್ಲುವ ಜಾಗ ಗೊತ್ತು ಮಾಡಿಕೊಂಡು ಬರಬೇಕು.

ಇನ್ನೊಂದು ಲೆಕ್ಕ. ಸೂರ್ಯ ಯಾವಾಗಲೂ ನೇರ ಪಶ್ಚಿಮದಲ್ಲಿ ಮುಳುಗೋದಿಲ್ಲ. ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲಿ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ ಸರಿದಿರುತ್ತಾನೆ. ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಸೀನಿಯರ್ ತೆಗೆದ ಫೋಟೊ ನೋಡಿ ಅದೇ ಬೇಕು ಅಂತ ಹೊರಡುವವರು ಅದು ಯಾವ ತಿಂಗಳಿನದು ಅಂತ ಮೊದಲು ಕೇಳಿ.

ಬ್ರಹ್ಮಾವರದ ಕಡೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಾಬುಕಳದಲ್ಲಿ ಸೀತಾ ನದಿ, ಬಾರ್ಕೂರಿನಲ್ಲಿ ಕತ್ತಲೆ ಬಸದಿ. ಹಳೇ ಕಲ್ಲಿನ ಕಂಬಗಳಿಗೆ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕೆತ್ತನೆ ಎದ್ದು ಕಾಣುತ್ತದೆ. ನೆತ್ತಿ ಮೇಲಿನ ಬಿಸಿಲಲ್ಲಿ ತೆಗೆದರೆ ಸಪ್ಪೆ.

ಮರವಂತೆ ಮಾತ್ರ ಒಂದು ಒಳ್ಳೇ ಪ್ರಾಬ್ಲಮ್. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಎರಡೂ ನೀರು ಒಂದೇ ಫ್ರೇಮಿನಲ್ಲಿ ಬೇಕು ಅಂತ ಎಲ್ಲರಿಗೂ ಆಸೆ. ಆದರೆ ಮೊಬೈಲಿನ ಸಾಮಾನ್ಯ ಕ್ಯಾಮೆರಾ ಅಡ್ಡಕ್ಕೆ ನೋಡೋದು ಹೆಚ್ಚು ಕಮ್ಮಿ 70 ಡಿಗ್ರಿ, ಎರಡು ನೀರುಗಳಿರೋದು 180 ಡಿಗ್ರಿ ಅಂತರದಲ್ಲಿ. ಸಮುದ್ರದ ಕಡೆ ತಿರುಗಿದರೆ ನದಿ ಬೆನ್ನಿಗೆ. ಇದಕ್ಕೆ ಉತ್ತರ ದೊಡ್ಡ ಲೆನ್ಸ್ ಅಲ್ಲ. ರಸ್ತೆಯ ಉದ್ದಕ್ಕೆ ಮುಖ ಮಾಡಿ ನಿಂತರೆ, ದೂರದಲ್ಲಿ ಸಮುದ್ರ ಒಂದು ಅಂಚಿಗೆ, ನದಿ ಇನ್ನೊಂದು ಅಂಚಿಗೆ ತಾನಾಗಿ ಬರುತ್ತದೆ. ಲಾರಿಗಳು ಹೋಗೋ ವೇಗ ನೋಡಿದ್ದೀರಲ್ಲ, ಡಾಂಬರು ಬಿಟ್ಟು ಹೊರಗೇ ನಿಲ್ಲಿ. ಬೆಳಿಗ್ಗೆ ಘಟ್ಟದ ಕಡೆಯಿಂದ ಸೂರ್ಯ ಬರುವಾಗ ನದಿ ಹೊಳೀತದೆ, ಸಂಜೆ ಸಮುದ್ರ. ಒಂದೇ ಹೊತ್ತಿನಲ್ಲಿ ಎರಡೂ ಹೊಳೆಯಬೇಕು ಅಂತ ಹಟ ಹಿಡೀಬೇಡಿ.

ಬೈಂದೂರಿನಿಂದ ಕೊಲ್ಲೂರಿನ ಕಡೆ ತಿರುಗಿದ ಮೇಲೆ ಪಾಠವೇ ಬೇರೆ. ಕೊಲ್ಲೂರಿನ ಸುತ್ತ ಇರೋದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ಮನಸ್ಸಿಗೆ ಬಂದಲ್ಲಿ ಒಳನುಗ್ಗುವ ಹಾಗಿಲ್ಲ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗೂ ಇಲ್ಲ. ಅರಣ್ಯ ಇಲಾಖೆ ಅನುಮತಿ ಕೊಟ್ಟ ದಾರಿ, ಗೊತ್ತಿರುವ ಗೈಡ್, ಎರಡೂ ಬೇಕು.

ಒಳಗೆ ಹೋದ ಕೂಡಲೇ ಕ್ಯಾಮೆರಾಕ್ಕೆ ಕಣ್ಣು ಕಾಣೋದಿಲ್ಲ. ಬಯಲಿನ ಬಿಸಿಲಿಗಿಂತ ದಟ್ಟ ಮರದಡಿಯ ಬೆಳಕು ಆರು ಸ್ಟಾಪ್ ಕಮ್ಮಿ ಅಂತ ಇಟ್ಟುಕೊಳ್ಳಿ. ಒಂದೊಂದು ಸ್ಟಾಪಿಗೆ ಅರ್ಧರ್ಧ, ಅಂದರೆ 64ರಲ್ಲಿ ಒಂದು ಪಾಲು ಬೆಳಕು ಮಾತ್ರ. ಬಯಲಿನಲ್ಲಿ ಎಫ್/5.6, ಐಎಸ್‌ಒ 100 ಇಟ್ಟರೆ 1/800 ಸೆಕೆಂಡ್ ಸಿಗುತ್ತಿತ್ತು. ಇಲ್ಲಿ ಅದೇ ಸೆಟ್ಟಿಂಗಿಗೆ ಸಿಗೋದು 1/12. ಹಾರುವ ಹಕ್ಕಿ ಬಿಡಿ, ಕೂತ ಹಕ್ಕಿಯೂ ಕಲಸಿ ಹೋಗುತ್ತದೆ. 1/500 ಬೇಕಾದರೆ ಐಎಸ್‌ಒ 4000ದ ಹತ್ತಿರ ಏರಿಸಬೇಕು. ಫೋಟೊದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ ಅಂತ ಹೆದರಬೇಡಿ. ರವೆಯನ್ನು ಆಮೇಲೆ ಸ್ವಲ್ಪ ಮಟ್ಟಿಗೆ ಒರೆಸಬಹುದು, ಅಲುಗಿದ್ದನ್ನು ಸರಿ ಮಾಡೋದು ಕಷ್ಟ.

ಇಷ್ಟು ನಾವು ಹಾಸ್ಟೆಲಿನಲ್ಲಿ ಕೂತೇ ಕಲಿಯಬಹುದಿತ್ತು. ಗೈಡ್ ಅಣ್ಣ ಕಲಿಸಿದ್ದು ಬೇರೆ. ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ. ಯಾವ ಗೋಳಿಮರದಲ್ಲಿ ಹಣ್ಣಾಗಿದೆ ಅಂತ ಗೊತ್ತಿತ್ತು. ಹಣ್ಣಿದ್ದಲ್ಲಿಗೆ ಮಂಗಟ್ಟೆ ಹಕ್ಕಿ ಬರುತ್ತದೆ, ನಾವು ಹಿಂದೆ ಓಡಬೇಕಾಗಿಲ್ಲ. ಮರದಿಂದ ದೂರ, ಸೂರ್ಯನಿಗೆ ಬೆನ್ನು ಹಾಕಿ ನಮ್ಮನ್ನು ಕೂರಿಸಿದರು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ರೆಕ್ಕೆಯ ಭಾರೀ ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಎರಡು ಬಂದು ಕೂತಿದ್ದವು.

ಅಲ್ಲೇ ಮುಂದೆ ಒಂದು ಮರದ ಪೊಟರೆಯಲ್ಲಿ ಗೂಡಿದೆ ಅಂತಲೂ ಅವರಿಗೆ ಗೊತ್ತಿತ್ತು. ಕರೆದುಕೊಂಡು ಹೋಗಿ ಅಂತ ನಮ್ಮಲ್ಲಿ ಒಬ್ಬ ಕೇಳಿದ. ಅವರು ಹೇಳಿದ್ದು ಇಷ್ಟು: "ನಾವ್ ಹತ್ರ ನಿಂತ್ರೆ ಗಂಡ್ ಹಕ್ಕಿ ಬಪ್ಪುದಿಲ್ಲ ಮಕ್ಳೆ. ಒಳ್ಗ್ ಇಪ್ಪ್ ಹೆಣ್ಣಿಗೆ ಊಟ ಇಲ್ಲ, ಅಷ್ಟೆ." ಮಂಗಟ್ಟೆಯ ಹೆಣ್ಣು ಮೊಟ್ಟೆ ಇಡುವಾಗ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು ಒಳಗೇ ಉಳಿಯುತ್ತದೆ. ಒಂದು ಸಣ್ಣ ಸೀಳಿನಲ್ಲಿ ಗಂಡು ತಂದು ಕೊಟ್ಟದ್ದೇ ಅದಕ್ಕೂ ಮರಿಗೂ ಆಹಾರ. ನಾವು ಒಂದು ಗಂಟೆ ನಿಂತರೆ ಆ ಗಂಟೆಯ ಊಟ ಹೋಯ್ತು. ಆ ಫೋಟೊ ನಮ್ಮ ಹತ್ತಿರ ಇಲ್ಲ. ಗೈಡ್ ಅಂದರೆ ದಾರಿ ತೋರಿಸುವವರು ಅಂತ ನಾವು ತಿಳಿದಿದ್ದೆವು. ಎಲ್ಲಿ ಹೋಗಬಾರದು ಅಂತ ಹೇಳುವವರು ಅಂದರೂ ನಡೀತದೆ. ಸಿಂಗಳೀಕದ ವಿಷಯವೂ ಹಾಗೇ. ಹತ್ತಿರ ಬರಲಿ ಅಂತ ಬಾಳೆಹಣ್ಣು, ಬಿಸ್ಕೆಟ್ ತೋರಿಸಿದರೆ ಮರದ ಮೇಲೆ ಬದುಕುವ ಪ್ರಾಣಿ ರಸ್ತೆಗಿಳಿಯುತ್ತದೆ, ಮುಂದೆ ಯಾವುದೋ ಗಾಡಿಯ ಕೆಳಗೆ ಹೋಗುತ್ತದೆ.

ಮರುದಿನ ಜೀಪಿನಲ್ಲಿ ಕೊಡಚಾದ್ರಿ. 1343 ಮೀಟರ್. ಆ ರಸ್ತೆಯಲ್ಲಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡರೆ ಕುತ್ತಿಗೆಯೂ ಉಳಿಯೋದಿಲ್ಲ, ಕ್ಯಾಮೆರಾವೂ ಇಲ್ಲ. ಬಟ್ಟೆ ಸುತ್ತಿ ಬ್ಯಾಗಿನಲ್ಲಿಡಿ. ಮೇಲೆ ಮಂಜಿದ್ದರೆ ಫೋಟೊ ಬೂದಿ ಬಣ್ಣಕ್ಕೆ ಬರುತ್ತದೆ, ಯಾಕಂದರೆ ಕ್ಯಾಮೆರಾದ ಮೀಟರ್ ಎದುರಿಗಿದ್ದದ್ದು ಮಧ್ಯಮ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ +1 ಕೊಡಿ, ಬಿಳಿ ಬಿಳಿಯಾಗುತ್ತದೆ. ಎಸಿ ರೂಮಿನಿಂದಲೋ ಕಾರಿನಿಂದಲೋ ಕ್ಯಾಮೆರಾವನ್ನು ನೇರ ನಮ್ಮ ಕರಾವಳಿಯ ಗಾಳಿಗೆ ತೆಗೆದರೆ ಲೆನ್ಸ್ ಬೆವರುತ್ತದೆ. ಇಪ್ಪತ್ತು ನಿಮಿಷ ಬ್ಯಾಗಿನೊಳಗೇ ಬಿಡಿ.

ಈಗ ಮಳೆಗಾಲಕ್ಕೆ ಹೋಗುವವರಿಗೆ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಒಬ್ಬ ಯುವಕ ಕಾಲು ಜಾರಿ ನೀರುಪಾಲಾದ. ಆತ ಬೀಳುವ ವಿಡಿಯೊವನ್ನು ನಿಮ್ಮಲ್ಲೂ ಎಷ್ಟೋ ಜನ ನೋಡಿರಬೇಕು, ಯಾಕಂದರೆ ಆ ಹೊತ್ತಿಗೆ ಮೊಬೈಲ್ ಕ್ಯಾಮೆರಾ ಚಾಲೂ ಇತ್ತು. ಆತ ನಮ್ಮ ವಯಸ್ಸಿನವನೇ. ಪಾಚಿ ಕಟ್ಟಿದ ಒದ್ದೆ ಬಂಡೆಯಲ್ಲಿ ಘರ್ಷಣೆ ಎಷ್ಟು ಅಂತ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಓದಿದವರಿಗೆ ಹೇಳಬೇಕಾಗಿಲ್ಲ. ಜಲಪಾತ ಹಾಲಿನ ಹಾಗೆ ಕಾಣೋ ಫೋಟೊಕ್ಕೆ ಅಂಚಿಗೆ ಹೋಗಬೇಕಾಗಿಯೂ ಇಲ್ಲ. ಶಟರ್ 1/4 ಸೆಕೆಂಡಿನ ಹತ್ತಿರ ಇಡಿ, ಟ್ರೈಪಾಡನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ದೂರದಿಂದ ಜೂಮ್ ಮಾಡಿ. ಕಾಲಿಗೆ ಉಂಬಳ ಹತ್ತಿದರೆ ಹತ್ತಲಿ. ಗೈಡ್ 'ಇಲ್ಲಿಂದ ಮುಂದೆ ಬೇಡ' ಅಂದ ಜಾಗವೇ ಆ ದಿನದ ಕೊನೆಯ ಸ್ಪಾಟ್. ಜೊತೆಯಲ್ಲಿ ಯಾರಾದರೂ ಮುಂದೆ ಹೋದರೆ ಅವರ ಫೋಟೊ ತೆಗೆಯಬೇಡಿ. ತೆಗೆಯುವವರು ಇಲ್ಲ ಅಂದರೆ ಅರ್ಧ ಜನ ತಾವೇ ವಾಪಸ್ ಬರ್ತಾರೆ.

ಜನರ ಫೋಟೊ ತೆಗೆಯುವಾಗ ಕೇಳಿ ತೆಗೀರಿ. ವಾಪಸ್ ಬರುವಾಗ ಗಂಗೊಳ್ಳಿಯಲ್ಲಿ ಮೀನು ಮಾರುವ ಅಮ್ಮನ ಹತ್ತಿರ "ಫೋಟೊ ತೆಗಿಲಕ್ಕಾ?" ಅಂತ ಕೇಳಿದೆವು. "ಮೀನ್ ತಕಂತ್ರಿಯಾ?" ಅಂತ ತಿರುಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಬಂಗುಡೆ ಕೊಂಡೆವು, ಫೋಟೊವೂ ಸಿಕ್ಕಿತು.

ಪೋಸ್ಟ್ ಮಾಡುವ ಮೊದಲು ಒಂದು ಕೆಲಸ ಬಾಕಿ ಇದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೊದ ಫೈಲಿನೊಳಗೆ ಅಕ್ಷಾಂಶ, ರೇಖಾಂಶ ಬರೆದುಕೊಂಡಿರುತ್ತದೆ. ಮರವಂತೆ, ಕೊಡಚಾದ್ರಿ ಎಲ್ಲರಿಗೂ ಗೊತ್ತಿರುವ ಜಾಗ, ಇರಲಿ. ಹಣ್ಣಿನ ಮರ, ಗೂಡು, ಕಾಡೊಳಗಿನ ತೊರೆಗಳ ಫೈಲುಗಳಿಂದ ಅದನ್ನು ತೆಗೆದುಹಾಕಿ. ನಮ್ಮ ಮಂಗಟ್ಟೆ ಫೋಟೊಗಳ ಕೆಳಗೆ 'ಕೊಲ್ಲೂರಿನ ಕಾಡು' ಅಂತಷ್ಟೇ ಬರೆದಿದ್ದೇವೆ. ಯಾವ ಮರ ಅಂತ ಈಗಾಗಲೇ ಮೂರು ಜನ ಮೆಸೇಜ್ ಮಾಡಿ ಕೇಳಿದ್ದಾರೆ.